ಹಂಚು ಕೈಯಾಡಿಸುವ ಮೊದಲು

ಏಪ್ರಿಲ್ ಕೊನೆಯಿಂದ ಮೇ ಮುಗಿಯುವವರೆಗೆ ಸೊರಬದ ಯಾವ ಊರಿಗೆ ಹೋದರೂ ಒಂದಿಬ್ಬರು ಮನೆ ಮಾಡಿನ ಮೇಲೆ ಇದ್ದೇ ಇರುತ್ತಾರೆ. ಪೇಟೆಯಲ್ಲಿ ಮನೆಯ ಕೆಲಸವನ್ನು ತಾನೇ ಮಾಡಿಕೊಳ್ಳುವುದು ಈಗ ಒಂದು ಹವ್ಯಾಸ. ಅದಕ್ಕೆ ಬೇರೆಯೇ ಹೆಸರು, ಬಣ್ಣಬಣ್ಣದ ಸಾಮಾನಿನ ಪೆಟ್ಟಿಗೆ, ವಿಡಿಯೋ ಎಲ್ಲ ಇವೆ. ನಮ್ಮ ಕಡೆ ಅದಕ್ಕೆ ಹೆಸರೇ ಇಲ್ಲ. ಮಳೆಗೆ ಮೊದಲು ಹಂಚು ಕೈಯಾಡಿಸಬೇಕು, ಸೋರುವ ಕಡೆ ಶೀಟು ಬದಲಿಸಬೇಕು, ಬಚ್ಚಲಿನ ಸ್ವಿಚ್ಚು ಸರಿ ಮಾಡಬೇಕು, ಯಾರೂ ಬರುವುದಿಲ್ಲ, ನಾವೇ ಮಾಡಬೇಕು. ಅಷ್ಟೇ.

ಈ ಕೆಲಸಗಳಲ್ಲಿ ಬಿದ್ದವರ, ಸುಟ್ಟುಕೊಂಡವರ ಸುದ್ದಿ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಿನಲ್ಲಿ ಬರುತ್ತದೆ. 'ಆಯತಪ್ಪಿ ಬಿದ್ದು', 'ಆಕಸ್ಮಿಕವಾಗಿ ವಿದ್ಯುತ್ ತಗುಲಿ'. ಪತ್ರಿಕೋದ್ಯಮ ಓದಿದ ನಮಗೆ ಈ ಎರಡು ಮಾತುಗಳ ಮೇಲೆ ತಕರಾರಿದೆ. ಏಣಿಯ ಬುಡ ಜಾರಿತೇ, ಹಾವಸೆ ಹಿಡಿದ ಹಂಚಿನ ಮೇಲೆ ಕಾಲಿಟ್ಟರೇ, ಮೇನ್ ಆಫ್ ಆಗಿತ್ತೇ, ಮನೆಗೆ ಅರ್ಥಿಂಗ್ ಇತ್ತೇ? ಒಂದನ್ನೂ ಸುದ್ದಿ ಹೇಳುವುದಿಲ್ಲ. ಓದಿದವರು ಹಣೆಬರಹ ಎಂದುಕೊಂಡು ಪುಟ ತಿರುಗಿಸುತ್ತಾರೆ. ಪಕ್ಕದ ಮನೆಯವರು ಮಾರನೇ ವಾರ ಅದೇ ಏಣಿ ಕೇಳಿಕೊಂಡು ಬರುತ್ತಾರೆ.

ಇದಕ್ಕೆ ಉತ್ತರವಾಗಿ ಸಿಗುವ ಉಪದೇಶ ಒಂದೇ: ನುರಿತವರನ್ನು ಕರೆಸಿ. ಒಪ್ಪೋಣ. ಆದರೆ ಆನವಟ್ಟಿಯಿಂದ ಏಳೆಂಟು ಕಿಲೋಮೀಟರ್ ಒಳಗಿರುವ ಮನೆಗೆ ಒಂದು ಸ್ವಿಚ್ಚು ಬದಲಿಸಲು ಯಾವ ಎಲೆಕ್ಟ್ರಿಷಿಯನ್ ಬರುತ್ತಾನೆ? ಬಂದರೂ ಸ್ವಿಚ್ಚಿನ ಬೆಲೆಗಿಂತ ಅವನ ಪೆಟ್ರೋಲಿನ ಖರ್ಚೇ ಹೆಚ್ಚು. ಹಂಚಿನ ಕೆಲಸ ಬಲ್ಲವರು ಊರಿಗೆ ಒಬ್ಬರೋ ಇಬ್ಬರೋ, ಮೇ ತಿಂಗಳಲ್ಲಿ ಅವರು ಕೈಗೆ ಸಿಗುವುದಿಲ್ಲ. ಹಾಗಾಗಿ 'ಮಾಡಬೇಡಿ' ಎನ್ನುವ ಉಪದೇಶ ನಮ್ಮ ಹಳ್ಳಿಗಳಲ್ಲಿ ಯಾರ ಜೀವವನ್ನೂ ಉಳಿಸುವುದಿಲ್ಲ ಎಂಬುದು ನಮ್ಮ ಅಭಿಪ್ರಾಯ. ಯಾವುದನ್ನು ಮಾಡಬಹುದು, ಹೇಗೆ, ಯಾವುದಕ್ಕೆ ಕೈ ಹಾಕಲೇಬಾರದು ಎಂದು ಬಿಡಿಸಿ ಹೇಳಿದರೆ ಉಳಿಸೀತು.

ಮೊದಲು ಹಂಚು. ಮಂಗಳೂರು ಹಂಚಿನ ಚರಿತ್ರೆ ಎಲ್ಲರಿಗೂ ಗೊತ್ತಿರುವುದೇ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಅದು ಘಟ್ಟ ಹತ್ತಿ ಮಲೆನಾಡಿನ ಮಾಡುಗಳ ಮೇಲೆ ಕೂತಿತು. ಈ ಹಂಚನ್ನು ಮೊಳೆ ಹೊಡೆದು ಕೂರಿಸುವುದಿಲ್ಲ. ಹಿಂಬದಿಯ ಕೊಕ್ಕೆ ರೀಪಿಗೆ ಸಿಕ್ಕಿಕೊಂಡು, ಒಂದರ ಅಂಚು ಇನ್ನೊಂದರ ಗಾಡಿಯಲ್ಲಿ ಕೂತು, ತನ್ನ ಭಾರದಿಂದಲೇ ನಿಲ್ಲುತ್ತದೆ. ಇಲ್ಲಿ ಅನುಕೂಲವೂ ಇದೆ, ಅಪಾಯವೂ ಇದೆ. ಅನುಕೂಲ ಏನೆಂದರೆ, ಅಡಿಯಲ್ಲಿ ಮುಚ್ಚಿಗೆ ಇಲ್ಲದ ಮನೆಯಲ್ಲಿ ಒಂದೆರಡು ಒಡೆದ ಹಂಚು ಬದಲಿಸಲು ಮೇಲೆ ಹತ್ತಬೇಕಾಗಿಯೇ ಇಲ್ಲ. ಒಳಗಿನಿಂದ ಏಣಿ ಇಟ್ಟು, ಮೇಲಿನ ಸಾಲಿನ ಹಂಚನ್ನು ಸ್ವಲ್ಪ ಎತ್ತಿ ಸರಿಸಿ, ಒಡೆದದ್ದನ್ನು ಎಳೆದುಕೊಂಡು ಹೊಸದನ್ನು ತೂರಿಸಬಹುದು. ಹಳಬರಿಗೆ ಇದು ಗೊತ್ತು. ಹುಡುಗರು ಮಾತ್ರ ಹೊರಗಿನಿಂದ ಹತ್ತುವುದನ್ನೇ ಕೆಲಸ ಅಂದುಕೊಂಡಿದ್ದಾರೆ.

ಅಪಾಯ ಏನೆಂದರೆ, ಕಾಲಿಟ್ಟ ಹಂಚಿನ ಕೆಳಗಿನ ರೀಪು ಗೆದ್ದಲು ತಿಂದು ಟೊಳ್ಳಾಗಿದೆಯೋ ಇಲ್ಲವೋ ಮೇಲಿನಿಂದ ಕಾಣುವುದಿಲ್ಲ. ಹತ್ತುವ ಮೊದಲು ಒಳಗಿನಿಂದ ಒಂದು ಸುತ್ತು ಟಾರ್ಚ್ ಹಾಕಿ ನೋಡಿ, ಕೋಲಿನಿಂದ ರೀಪು, ಪಕಾಸುಗಳನ್ನು ತಟ್ಟಿ. ಟೊಳ್ಳು ಸದ್ದು ಬಂದ ಕಡೆ ಸುಣ್ಣದ ಗುರುತು ಹಾಕಿ. ಮೇಲೆ ಹೋಗಲೇಬೇಕಾದರೆ ಹಂಚಿನ ಮೇಲೆ ನೇರ ನಡೆಯಬೇಡಿ. ಇನ್ನೊಂದು ಬಿದಿರಿನ ಏಣಿಯನ್ನು ಮಾಡಿನ ಇಳಿಜಾರಿನ ಮೇಲೆ ಮಲಗಿಸಿ, ಅದಕ್ಕೆ ಹಗ್ಗ ಬಿಗಿದು, ಹಗ್ಗವನ್ನು ಆಚೆ ಬದಿಗೆ ಇಳಿಸಿ ಗಟ್ಟಿ ಮರಕ್ಕೋ ಕಂಬಕ್ಕೋ ಕಟ್ಟಿ. ಆ ಏಣಿಯ ಮೆಟ್ಟಿಲ ಮೇಲೆ ಕಾಲಿಟ್ಟರೆ ಭಾರ ಹತ್ತಾರು ಹಂಚುಗಳಿಗೆ ಹಂಚಿಹೋಗುತ್ತದೆ. ಸೊಂಟಕ್ಕೂ ಒಂದು ಹಗ್ಗ ಇರಲಿ. ಅಡಿಕೆ ಮರ ಹತ್ತುವವರ ಬಳಿ ಇರುವ ಬೆಲ್ಟ್ ಇದಕ್ಕೂ ಆಗುತ್ತದೆ. ಐವತ್ತು ಅಡಿಯ ಮರಕ್ಕೆ ಬೆಲ್ಟ್ ಕಟ್ಟುವವರು ಹದಿನೈದು ಅಡಿಯ ಮಾಡಿಗೆ ಬರಿಗೈಯಲ್ಲಿ ಹತ್ತುವುದು ನಮಗೆ ಈವರೆಗೂ ಅರ್ಥವಾಗದ ಸಂಗತಿ.

ಗೋಡೆಗೆ ಒರಗಿಸುವ ಏಣಿಗೊಂದು ಸರಳ ಲೆಕ್ಕವಿದೆ. ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿಯಂತೆ ಬುಡ ಗೋಡೆಯಿಂದ ಹೊರಗಿರಬೇಕು. ಹನ್ನೆರಡು ಅಡಿಯ ಸೂರಿಗೆ ಮೂರು ಅಡಿ. ಏಣಿಯ ತುದಿ ಸೂರಿಗಿಂತ ಮೂರು ಅಡಿಯಾದರೂ ಮೇಲೆ ಚಾಚಿರಬೇಕು, ಇಲ್ಲದಿದ್ದರೆ ಇಳಿಯುವಾಗ ಹಿಡಿಯಲು ಏನೂ ಇರುವುದಿಲ್ಲ. ಬೀಳುವುದು ಹೆಚ್ಚಾಗಿ ಇಳಿಯುವಾಗಲೇ. ಸಗಣಿ ಸಾರಿಸಿದ ಅಂಗಳದಲ್ಲಿ, ಟೈಲ್ಸ್ ಹಾಕಿದ ಜಗಲಿಯಲ್ಲಿ ಬುಡ ಜಾರುತ್ತದೆ. ಒಬ್ಬರು ಹಿಡಿದು ನಿಲ್ಲಬೇಕು. ನಿಂತವರು ಮೊಬೈಲ್ ನೋಡಬಾರದು ಎಂದು ಬೇರೆ ಹೇಳಬೇಕಾದ ಕಾಲ ಇದು.

ಮಂಗ ಹಾರಿ ಹಂಚು ಒಡೆಯುವುದು ಸೊರಬದ ನಿತ್ಯದ ಗೋಳು. ಒಡೆದ ಸಿಟ್ಟಿಗೆ, ಮಳೆ ನಿಂತ ಅರ್ಧ ಗಂಟೆಯಲ್ಲೇ ಹತ್ತುವವರಿದ್ದಾರೆ. ಒದ್ದೆ ಹಾವಸೆಯ ಮೇಲೆ ಬರಿಗಾಲೂ ನಿಲ್ಲುವುದಿಲ್ಲ, ಹವಾಯಿ ಚಪ್ಪಲಿಯಂತೂ ಇಲ್ಲವೇ ಇಲ್ಲ. ಸೋರುವ ಕಡೆ ಒಂದು ರಾತ್ರಿ ಪಾತ್ರೆ ಇಡಿ. ಹಂಚಿನ ಸಂದಿಯಲ್ಲಿ ಚೇಳು, ಕಡಜದ ಗೂಡು ಇರುತ್ತವೆ. ಕಡಿತಕ್ಕಿಂತ ಕಡಿದಾಗ ಕೈ ಬಿಡುವುದೇ ದೊಡ್ಡ ಅಪಾಯ. ಮಂಗ ಎಂದಾಗ ನೆನಪಾಗುವ ಇನ್ನೊಂದು ಮಾತು. 1957ರಲ್ಲಿ ಮಂಗನ ಕಾಯಿಲೆ ಮೊದಲು ಗುರುತಾದದ್ದು ನಮ್ಮದೇ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದು ಹರಡುವ ಬೇಸಿಗೆಯ ತಿಂಗಳುಗಳೂ ನಾವು ಹಂಚು ಹತ್ತುವ ತಿಂಗಳುಗಳೂ ಒಂದೇ. ಮಾಡಿನ ಮೇಲೋ ಹಿತ್ತಲಲ್ಲೋ ಸತ್ತ ಮಂಗ ಕಂಡರೆ ಎಳೆದು ಬಿಸಾಡಲು ಹೋಗಬೇಡಿ. ಸತ್ತ ಮಂಗನ ಮೈಯಿಂದ ಉಣ್ಣೆಗಳು ಇಳಿಯುತ್ತವೆ. ಆಶಾ ಕಾರ್ಯಕರ್ತೆಗೆ ಅಥವಾ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಶಿಕಾರಿಪುರದ ಕಡೆ, ಅದರಲ್ಲೂ ಶಿರಾಳಕೊಪ್ಪದಿಂದ ಪೂರ್ವಕ್ಕೆ ಹೋದಂತೆ, ಮಳೆ ಕಡಿಮೆ, ಮೆಕ್ಕೆಜೋಳ ಹೆಚ್ಚು, ಸಿಮೆಂಟ್ ಶೀಟಿನ ಕೊಟ್ಟಿಗೆ, ಕಣಜಗಳೂ ಹೆಚ್ಚು. ಈ ಶೀಟು ನೋಡಲು ಗಟ್ಟಿ, ಆದರೆ ಬಿಸಿಲಿಗೆ ಹತ್ತಾರು ವರ್ಷ ಒಣಗಿದ ಮೇಲೆ ಮನುಷ್ಯನ ಭಾರ ತಾಳುವುದಿಲ್ಲ. ಹಂಚು ಮುರಿದರೆ ಕಾಲು ಸಿಕ್ಕಿಬೀಳುತ್ತದೆ. ಶೀಟು ಮುರಿದರೆ ಆಳೇ ಕೆಳಗೆ. ಬೋಲ್ಟ್ ಸಾಲಿನ ಮೇಲೆ ಎರಡು ಪಕಾಸಿಗೆ ಮುಟ್ಟುವಂತೆ ಹಲಗೆ ಹಾಕಿ ಅದರ ಮೇಲೆಯೇ ನಿಲ್ಲಬೇಕು. ಹಳೆಯ ಸಿಮೆಂಟ್ ಶೀಟಿನೊಳಗೆ ಕಲ್ನಾರು ಇರುತ್ತದೆ. ಕಲ್ನಾರಿನ ಎಲ್ಲ ಬಗೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಾಡಿನ ಮೇಲೆ ಸುಮ್ಮನಿದ್ದ ಶೀಟಿಗಿಂತ ಗ್ರೈಂಡರ್ ಹಾಕಿ ಕೊಯ್ದಾಗ ಏಳುವ ಧೂಳು ಕೆಟ್ಟದ್ದು. ನೀರು ಸುರಿದು, ಕೈ ಗರಗಸದಲ್ಲಿ ನಿಧಾನವಾಗಿ ಕೊಯ್ಯಿರಿ, ಚೂರುಗಳನ್ನು ಒದ್ದೆ ಮಾಡಿಯೇ ಬಳಿಯಿರಿ, ಮಕ್ಕಳನ್ನು ದೂರ ಇಡಿ.

ಇನ್ನು ಕರೆಂಟು. ಇಲ್ಲಿ ನಮಗೆ ಹೆಚ್ಚು ಹೆದರಿಕೆ ಇರುವುದು ಗೊತ್ತಿಲ್ಲದವರ ಬಗ್ಗೆ ಅಲ್ಲ, ಜುಮ್ಮೆನ್ನುವುದಕ್ಕೆ ಒಗ್ಗಿಕೊಂಡವರ ಬಗ್ಗೆ. 'ನಮ್ಮ ಫ್ರಿಜ್ಜು ಮಳೆಗಾಲದಲ್ಲಿ ಸ್ವಲ್ಪ ಜುಂ ಅನ್ನತ್ತೆ, ಎಂತದೂ ಆಗಲ್ಲ ಮಾರಾಯ' ಎನ್ನುವ ಮನೆಗಳು ಎರಡೂ ತಾಲ್ಲೂಕಿನಲ್ಲಿ ಬೇಕಾದಷ್ಟಿವೆ. ಒಂಬತ್ತು ವ್ಯಾಟಿನ ಎಲ್‌ಇಡಿ ಬಲ್ಬು ಎಳೆಯುವುದು ಹತ್ತಿರಹತ್ತಿರ 40 ಮಿಲಿಆಂಪಿಯರ್. ಎದೆಯ ಮೂಲಕ ಅಷ್ಟು ಹರಿದರೆ ಹೃದಯ ನಿಲ್ಲಬಹುದು. ಇವತ್ತಿನ ಜುಂ ನಾಳೆ ಒದ್ದೆ ಕಾಲಿನಲ್ಲಿ ಬೇರೆಯೇ ಆಗುತ್ತದೆ.

'ನಮ್ಮಲ್ಲಿ ಎಂಸಿಬಿ ಇದೆಯಲ್ಲ' ಎನ್ನುತ್ತಾರೆ. ಎಂಸಿಬಿ ಕಾಯುವುದು ವೈರನ್ನು, ಮನುಷ್ಯರನ್ನಲ್ಲ. 16 ಆಂಪಿಯರಿನ ಎಂಸಿಬಿ ಬೀಳಬೇಕಾದರೆ ಮನುಷ್ಯರನ್ನು ಕೊಲ್ಲಲು ಸಾಕಾಗುವ ಕರೆಂಟಿನ ನೂರಾರು ಪಟ್ಟು ಹರಿಯಬೇಕು. ಮೈಮೂಲಕ ಭೂಮಿಗೆ ಸೋರುವ ಕರೆಂಟನ್ನು ಹಿಡಿದು ಕ್ಷಣದಲ್ಲಿ ಕಡಿಯುವುದು ಆರ್‌ಸಿಸಿಬಿ. ಅಂಗಡಿಯಲ್ಲಿ 30 ಮಿಲಿಆಂಪಿಯರಿನದು ಎಂದೇ ಕೇಳಿ. 100, 300ರದ್ದೂ ಸಿಗುತ್ತವೆ, ಅವು ಜೀವ ಕಾಯುವ ಲೆಕ್ಕದವಲ್ಲ. ಬೆಲೆ ಎರಡು ಸಾವಿರದ ಆಸುಪಾಸು. ಅದರ ಮೇಲೊಂದು 'ಟೆಸ್ಟ್' ಗುಂಡಿ ಇರುತ್ತದೆ, ತಿಂಗಳಿಗೊಮ್ಮೆ ಒತ್ತಿ ನೋಡಿ. ಹಾಕಿದ ಮೇಲೆ ಪದೇಪದೇ ಬೀಳುತ್ತಿದ್ದರೆ ಅದನ್ನು ಕಿತ್ತು ಬಿಸಾಡುವವರೇ ಹೆಚ್ಚು. ಅದು ಹೇಳುತ್ತಿರುವುದು ಮನೆಯಲ್ಲಿ ಎಲ್ಲೋ ಸೋರುತ್ತಿದೆ ಎಂದು. ಆದರೆ ಒಂದು ಕೈಯಲ್ಲಿ ಫೇಸು, ಇನ್ನೊಂದು ಕೈಯಲ್ಲಿ ನ್ಯೂಟ್ರಲ್ ಹಿಡಿದರೆ ಅದೂ ಕಾಯುವುದಿಲ್ಲ.

ನಮ್ಮ ಹಳೆಯ ಮನೆಗಳ ಕಷ್ಟ ಬೇರೆ. ಭಾಗ್ಯಜ್ಯೋತಿಯಲ್ಲಿ ಒಂದು ಬಲ್ಬಿಗೆಂದು ಎಳೆದ ಸಂಪರ್ಕಗಳಿವೆ. ಅದೇ ತೆಳು ವೈರಿನ ಮೇಲೆ ಈಗ ಟಿವಿ, ಮಿಕ್ಸಿ, ಫ್ರಿಜ್ಜು, ಕೆಲವು ಕಡೆ ನೀರು ಕಾಯಿಸುವ ಕಾಯಿಲ್ಲು. 2023ರಲ್ಲಿ ಗೃಹಜ್ಯೋತಿ ಬಂತು, ಬಿಲ್ಲಿನ ಹೊರೆ ಇಳಿಯಿತು, ಒಳ್ಳೆಯದೇ. ಗೋಡೆಯೊಳಗಿನ ವೈರಿನ ಬಗ್ಗೆ ಮಾತ್ರ ಯಾವ ಯೋಜನೆಯೂ ಮಾತಾಡಲಿಲ್ಲ. ಫ್ಯೂಸು ಹೋದರೆ ದಪ್ಪ ತಂತಿ ಸುತ್ತುವುದು ಈ ಮನೆಗಳ ರೂಢಿ. ಆಮೇಲೆ ಸುಡುವುದು ಫ್ಯೂಸಲ್ಲ, ವೈರು. ಬಲ್ಬು, ಹೋಲ್ಡರು, ಸ್ವಿಚ್ಚು, ಪ್ಲಗ್ಗು ಬದಲಿಸುವುದು ತಿಳಿದವರು ಮಾಡಿಕೊಳ್ಳಬಹುದಾದ ಕೆಲಸ. ಮೇನ್ ಬೋರ್ಡು, ಹೊಸ ಲೈನು, ಅರ್ಥಿಂಗ್, ಆರ್‌ಸಿಸಿಬಿ ಹಾಕುವುದು ಪರವಾನಗಿ ಇದ್ದವರ ಕೆಲಸ. ನಾಲ್ಕು ಮನೆಯವರು ಸೇರಿ ಒಂದೇ ದಿನಕ್ಕೆ ಕರೆಸಿದರೆ ಅವರೂ ಬರುತ್ತಾರೆ, ಪೆಟ್ರೋಲಿನ ಖರ್ಚೂ ಹಂಚಿಹೋಗುತ್ತದೆ.

ಸ್ವಿಚ್ ಆಫ್ ಮಾಡಿದರೆ ಸಾಲದು, ಮೇನ್ ಆಫ್ ಆಗಬೇಕು. ಎಷ್ಟೋ ಮನೆಗಳಲ್ಲಿ ಸ್ವಿಚ್ಚು ನ್ಯೂಟ್ರಲಿಗೆ ಕೂತಿರುತ್ತದೆ, ಆಫ್ ಮಾಡಿದರೂ ಹೋಲ್ಡರಿನಲ್ಲಿ ಕರೆಂಟು ಇರುತ್ತದೆ. ಟೆಸ್ಟರನ್ನು ಮೊದಲು ಕರೆಂಟು ಇರುವ ಕಡೆ ಹಚ್ಚಿ ಉರಿಯುತ್ತದೆಯೇ ನೋಡಿ, ಆಮೇಲೆ ಕೆಲಸದ ಜಾಗಕ್ಕೆ ಹಚ್ಚಿ. ನಮ್ಮ ಕಡೆಯ ಅತಿ ಕೆಟ್ಟ ಅಭ್ಯಾಸ ಎಂದರೆ ಕರೆಂಟು ಹೋದಾಗ ಮೇನ್ ಮುಟ್ಟದೆ ಕೆಲಸಕ್ಕೆ ಕೂರುವುದು. ಹೋದದ್ದು ಯಾವಾಗ ಬರುತ್ತದೆ ಎಂದು ಯಾರು ಬಲ್ಲರು?

ಜನರೇಟರನ್ನು ಎರಡೂ ತುದಿಗೆ ಪ್ಲಗ್ಗು ಕಟ್ಟಿದ ವೈರಿನಿಂದ ಗೋಡೆಯ ಸಾಕೆಟ್ಟಿಗೆ ಚುಚ್ಚುವವರಿದ್ದಾರೆ. ಆ ಕರೆಂಟು ಲೈನಿಗೆ ಹಿಮ್ಮುಖ ಹರಿದು, ಟಿಸಿಯಲ್ಲಿ ಸಾವಿರಾರು ವೋಲ್ಟಾಗಿ, ಎಲ್ಲೋ ಕಂಬದ ಮೇಲಿರುವ ಲೈನ್‌ಮನ್‌ನನ್ನು ಹೊಡೆಯಬಹುದು. ಇನ್ನು ತಾವೇ ಟಿಸಿ ಹತ್ತಿರ ಹೋಗಿ ಫ್ಯೂಸು ಹಾಕುವವರು. ಲೈನ್‌ಮನ್ ಬರುವುದು ತಡ, ತೋಟ ಒಣಗುತ್ತಿದೆ, ಗದ್ದೆಗೆ ನೀರಿಲ್ಲ, ಸಿಟ್ಟು ನ್ಯಾಯವೇ. ಆದರೆ ಆ ಕಂಬದ ಮೇಲಿರುವುದು 11,000 ವೋಲ್ಟು. ಇಲ್ಲಿ ಜಾಗ್ರತೆಯಿಂದ ಮಾಡುವ ವಿಧಾನ ಎಂಬುದೇ ಇಲ್ಲ. 1912ಕ್ಕೆ ಕರೆ ಮಾಡಿ, ದೂರಿನ ಸಂಖ್ಯೆ ಬರೆದುಕೊಳ್ಳಿ, ಮತ್ತೆ ಕರೆ ಮಾಡಿ.

ದೋಟಿಯ ವಿಷಯವನ್ನೂ ಇಲ್ಲೇ ಹೇಳಬೇಕು. ಅಡಿಕೆ ಕೊಯ್ಯಲು ಬಂದ ಕಾರ್ಬನ್ ಫೈಬರ್ ದೋಟಿ ಹಗುರ, ಕಪ್ಪಗೆ ಪ್ಲಾಸ್ಟಿಕ್ಕಿನಂತೆ ಕಾಣುತ್ತದೆ, ಹಾಗಾಗಿ ಶಾಕ್ ಹೊಡೆಯುವುದಿಲ್ಲ ಎಂದು ನಂಬಿದವರಿದ್ದಾರೆ. ಕಾರ್ಬನ್ ಫೈಬರ್ ಕರೆಂಟು ಹರಿಸುತ್ತದೆ. ಅದೇ ದೋಟಿಯಲ್ಲಿ ಮನೆ ಮೇಲೆ ಬಾಗಿದ ತೆಂಗಿನ ಗರಿ ಎಳೆಯುವುದು, ವೈರಿಗೆ ತಾಗಿದ ಕೊಂಬೆ ಕತ್ತರಿಸುವುದು ಬೇಡ. ಅಲ್ಯೂಮಿನಿಯಂ ಏಣಿಗೂ ಇದೇ ಮಾತು.

ಗುಂಡಿಗಳ ವಿಷಯದಲ್ಲಿ ನಾವು ಚರ್ಚೆಗೆ ಸಿದ್ಧರಿಲ್ಲ. ಶೌಚದ ಗುಂಡಿ, ಗೋಬರ್ ಗ್ಯಾಸಿನ ಗುಂಡಿ, ಬಹುಕಾಲ ಮುಚ್ಚಿಟ್ಟ ಹಳೆಯ ಬಾವಿ, ಇವುಗಳಿಗೆ ಇಳಿಯಬಾರದು, ಆಳನ್ನೂ ಇಳಿಸಬಾರದು. ಶೌಚದ ಗುಂಡಿಗೆ ಹಾಗೆ ಆಳನ್ನು ಇಳಿಸುವುದು 2013ರ ಕಾಯ್ದೆಯಡಿ ಅಪರಾಧ. ದೀಪ ಇಳಿಸಿ ನೋಡುವ ಹಳೆಯ ಪರೀಕ್ಷೆ ಆಮ್ಲಜನಕ ಕಡಿಮೆಯಾಗಿದ್ದನ್ನಷ್ಟೇ ತೋರಿಸುತ್ತದೆ, ವಿಷಗಾಳಿಯನ್ನಲ್ಲ. ಗೋಬರ್ ಗ್ಯಾಸಿನಲ್ಲಿ ದೀಪವೇ ಸ್ಫೋಟಕ್ಕೆ ಕಿಡಿ. ಮೊದಲು ಇಳಿದವನನ್ನು ಎತ್ತಲು ಹೋದ ಅಣ್ಣ, ಅಪ್ಪ, ಪಕ್ಕದ ಮನೆಯವರೂ ಅಲ್ಲೇ ಉಳಿಯುತ್ತಾರೆ.

ಯಾರಾದರೂ ಬಿದ್ದರೆ ಎಬ್ಬಿಸಿ ಕೂರಿಸಿ ನೀರು ಕುಡಿಸುವುದು ನಮ್ಮ ಮೊದಲ ಉಪಚಾರ. ಕುತ್ತಿಗೆ, ಬೆನ್ನುಮೂಳೆಗೆ ಪೆಟ್ಟಾಗಿದ್ದರೆ ಆ ಎಬ್ಬಿಸುವುದರಲ್ಲೇ ಜೀವನಪೂರ್ತಿ ಕಾಲು ಹೋಗಬಹುದು. ಮಲಗಿದಲ್ಲೇ ಬಿಡಿ, 108ಕ್ಕೆ ಹೇಳಿ. ಶಿಕಾರಿಪುರದಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಸುಮಾರು 50 ಕಿ.ಮೀ., ಸೊರಬದಿಂದ ಇನ್ನೂ ದೂರ. ಈ ದೂರವೇ ನಮ್ಮ ವಾದದ ತಿರುಳು. ಪೇಟೆಯಲ್ಲಿ ಸಣ್ಣದಾಗಿ ಮುಗಿಯುವ ಪೆಟ್ಟು ಇಲ್ಲಿ ಸಣ್ಣದಾಗಿ ಮುಗಿಯುವುದಿಲ್ಲ.

ಪಂಚಾಯಿತಿಗಳಿಂದ ನಾವು ಕೇಳುವುದು ದೊಡ್ಡದೇನಲ್ಲ. ಮೇ ಮೊದಲ ವಾರ ಒಂದು ದಿನ, ಲೈನ್‌ಮನ್ ಒಬ್ಬರು, ಹಂಚಿನ ಕೆಲಸ ಬಲ್ಲ ಹಿರಿಯರೊಬ್ಬರು, ಶಾಲೆಯ ಅಂಗಳ. ಹೆಂಗಸರನ್ನೂ ಕರೆಯಬೇಕು; ಜುಮ್ಮೆನ್ನುವ ಮಿಕ್ಸಿ ಮುಟ್ಟುವವರು ಅವರು, ಏಣಿ ಹಿಡಿದು ನಿಲ್ಲುವವರೂ ಅವರೇ. ಪಂಚಾಯಿತಿ ಕಚೇರಿಯಲ್ಲಿ ಎರಡು ಒಳ್ಳೆಯ ಏಣಿ, ಹಗ್ಗ, ಬೆಲ್ಟ್ ಇಟ್ಟು ಬೇಕಾದವರಿಗೆ ಕೊಟ್ಟು ವಾಪಸ್ ಪಡೆಯಲಿ. ತೆಂಗಿನ ಮರ ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ವಿಮೆ ಇದೆ, ನೋಂದಾಯಿತ ಕಟ್ಟಡ ಕಾರ್ಮಿಕರಿಗೆ ಕಲ್ಯಾಣ ಮಂಡಳಿ ಇದೆ. ತನ್ನ ಮನೆಯ ಮಾಡಿಗೆ ತಾನೇ ಹತ್ತುವ ರೈತ ಇವೆರಡರಲ್ಲೂ ಇಲ್ಲ. ಅವನಿಗೆ ಸಿಗುವುದು ಬ್ಯಾಂಕಿನ ಪ್ರಧಾನಮಂತ್ರಿ ಸುರಕ್ಷಾ ಬಿಮಾ. 18ರಿಂದ 70 ವರ್ಷದವರಿಗೆ, ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸತ್ತರೆ 2 ಲಕ್ಷ. ಮೇ ಕೊನೆಯಲ್ಲಿ ಖಾತೆಯಿಂದ ಆ ಹಣ ಕಡಿತವಾಗುತ್ತದೆ, ಖಾತೆಯಲ್ಲಿ ಇಪ್ಪತ್ತು ರೂಪಾಯಿ ಇಲ್ಲದಿದ್ದರೆ ವಿಮೆ ನಿಲ್ಲುತ್ತದೆ. ಪಾಸ್‌ಬುಕ್ ಒಮ್ಮೆ ಎಂಟ್ರಿ ಹಾಕಿಸಿ ನೋಡಿ.