‘ಇದು ಕಿತ್ತೂರು ಕಾಲದ ಬಂದೂಕು’ ಎಂಬ ಫೋಟೊ ಬಂತೇ? ಫಾರ್ವರ್ಡ್ ಮಾಡುವ ಮುನ್ನ ಇವನ್ನು ನೋಡಿ

ತುಕ್ಕು ಹಿಡಿದ ನಳಿಗೆ, ಸವೆದ ಮರ, ಕೆಳಗೊಂದು ಸಾಲು: ‘ಅಮಟೂರು ಬಾಳಪ್ಪ ಥ್ಯಾಕರೆಯನ್ನು ಹೊಡೆದ ಬಂದೂಕು ಇದೇ. ನಿಜವಾದ ಕನ್ನಡಿಗರಾದರೆ ಶೇರ್ ಮಾಡಿ.’ ಹಿಡಕಲ್, ಗೋಕಾಕ, ಮೂಡಲಗಿ ಕಡೆಯ ನಿಮ್ಮ ಗುಂಪಿಗೂ ಇಂಥದ್ದೊಂದು ಬಂದಿರಬಹುದು.

ಘಟನೆ ನಿಜ. 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ. ಆದರೆ ಫೋಟೊದಲ್ಲಿರುವುದು ಆ ಕಾಲದ್ದೇ? ತುಕ್ಕು ನೋಡಿ ಹೇಳಲಾಗದು. ಬಂದೂಕಿನ ವಯಸ್ಸು ಹೇಳುವುದು ಅದರ ಸಣ್ಣ ಬಿಡಿಭಾಗಗಳು.

ಕಿಡಿ ಎಲ್ಲಿಂದ ಬರುತ್ತದೆ?

ಮೊದಲು ಇದನ್ನು ನೋಡಿ. 1824ರಲ್ಲಿ ಇಲ್ಲಿ ಮುಖ್ಯವಾಗಿ ಎರಡು ಬಗೆ ಇದ್ದವು. ಒಂದು, ಉರಿಯುವ ಬತ್ತಿಯನ್ನು ಮದ್ದಿಗೆ ತಾಗಿಸುವ ದೇಶಿ ಬಂದೂಕು. ಇದರ ಹಿಡಿ ಸಪೂರ. ನಳಿಗೆಯನ್ನು ಚರ್ಮದ ಪಟ್ಟಿ ಇಲ್ಲವೇ ತಂತಿಯಿಂದ ಮರಕ್ಕೆ ಬಿಗಿದಿರುತ್ತಾರೆ. ಇನ್ನೊಂದು, ಚಕಮಕಿ ಕಲ್ಲು ಉಕ್ಕಿಗೆ ಬಡಿದು ಕಿಡಿ ಹಾರಿಸುವ ಬಂದೂಕು. ಕಂಪನಿ ಸಿಪಾಯಿಗಳ ಕೈಲಿದ್ದದ್ದು ಇದೇ: 39 ಇಂಚಿನ ನಳಿಗೆ, ಅಗಲವಾದ ಹಿಡಿ, ಹಿತ್ತಾಳೆ ಪಟ್ಟಿ, ಮದ್ದು ಗಿಡಿಯಲು ಕಬ್ಬಿಣದ ಸರಳು.

ಸುತ್ತಿಗೆಯ ಕೆಳಗೆ ಕೇಪು ಕೂಡಿಸುವ ಸಣ್ಣ ಮೊಳೆ ಕಂಡರೆ ಅನುಮಾನಿಸಿ. ಬ್ರಿಟಿಷ್ ಸೇನೆಗೆ ಕೇಪಿನ ಬಂದೂಕು ಬಂದದ್ದು 1840ರ ಆಸುಪಾಸಿನಲ್ಲಿ. ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರ ಜನವರಿ 26ರಂದು, ಅದಕ್ಕೂ ಮೊದಲೇ. ಆದರೂ ಪೂರ್ತಿ ತಳ್ಳಿಹಾಕಬೇಡಿ. ಎಷ್ಟೋ ಚಕಮಕಿ ಬಂದೂಕುಗಳಿಗೆ ಆಮೇಲೆ ಕೇಪಿನ ಭಾಗ ಜೋಡಿಸಿದ್ದುಂಟು. ಹಾಗಾಗಿ ನಳಿಗೆ ಹಳೆಯದು, ಕೇಪು ಹೊಸದು ಆಗಿರಬಹುದು.

ಸ್ಕ್ರೂ ಸುಳ್ಳು ಹೇಳದು

ಸ್ಕ್ರೂ ತಲೆಯ ಮೇಲೆ ‘+’ ಗುರುತಿದೆಯೇ? ಅದು ಬಳಕೆಗೆ ಬಂದದ್ದು 1930ರ ದಶಕದಲ್ಲಿ. ಅಂಥ ಬಂದೂಕು ಒಂದೋ ಹೊಸದು, ಇಲ್ಲವೇ ಇತ್ತೀಚೆಗೆ ರಿಪೇರಿಯಾದದ್ದು. ಪಕ್ಕದಲ್ಲಿ ಎಳೆದು ತಳ್ಳುವ ಬೋಲ್ಟ್ ಇದ್ದರೆ ಅದು ಕಿತ್ತೂರು ಕಾಲದ ನಂತರದ ತಂತ್ರ. ನಾಟಕಗಳಲ್ಲಿ ಕಾಣುವ ತ್ರೀ-ನಾಟ್-ತ್ರೀ ಮಾದರಿಯ ಲೀ-ಎನ್‌ಫೀಲ್ಡ್ ಬಂದದ್ದು 1895ರಲ್ಲಿ.

ಕಿರೀಟ ಹಿಡಿದು ನಿಂತ ಸಿಂಹದ ಮುದ್ರೆ ಇದ್ದರೆ? ಈಸ್ಟ್ ಇಂಡಿಯಾ ಕಂಪನಿ ಆ ಗುರುತನ್ನು 1808ರಿಂದ ಒತ್ತುತ್ತಿತ್ತು. ಮುದ್ರೆ ಅಸಲಿಯಾದರೂ ಅದು ಕಂಪನಿಯ ಬಂದೂಕು ಎಂದಷ್ಟೇ ಗೊತ್ತಾಗುತ್ತದೆ. ಅದು ಕಿತ್ತೂರಿನಲ್ಲಿತ್ತು, ಬಾಳಪ್ಪನ ಕೈಲಿತ್ತು ಎನ್ನಲು ಬೇರೆ ದಾಖಲೆ ಬೇಕು.

ನಾಟಕಕ್ಕೆ ಮಾಡಿಸುವವರಿಗೆ

ಅಮೆರಿಕದಲ್ಲಿ 18ನೇ ಶತಮಾನದ ಉದ್ದ ರೈಫಲ್‌ಗಳ ನಕಲು ಮಾಡುವ ಹವ್ಯಾಸಿಗಳು ಹಿಡಿಯಲ್ಲಿರುವ ಪುಟ್ಟ ಡಬ್ಬಿಯ ಮುಚ್ಚಳವನ್ನೂ ಬಿಡುವುದಿಲ್ಲ. ಮರದ ಜಾರು ಮುಚ್ಚಳ ಮೊದಲಿನದು, ಹಿತ್ತಾಳೆಯದು ನಂತರದ್ದು ಎಂದು ನೋಡಿಯೇ ಹಾಕುತ್ತಾರೆ. ಮರದ ಗೊಂಬೆಗೆ ಹೆಸರಾದ ಗೋಕಾಕದ ಸೀಮೆಯವರಿಗೆ ಇದೇನು ಕಷ್ಟವಲ್ಲ. ಪೂರ್ತಿ ಮರದಲ್ಲೇ ಮಾಡಿಸಿ. ಬೋಲ್ಟ್ ಬೇಡ, ಕೇಪು ಬೇಡ. ಬತ್ತಿ ಅಥವಾ ಚಕಮಕಿಯ ಆಕಾರ ಇರಲಿ. ಗುಂಡು ಹಾರಿಸಬಲ್ಲ ಬಂದೂಕಾದರೆ, ಬಾಯಿಂದ ಮದ್ದು ತುಂಬುವುದಾದರೂ, 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಪರವಾನಗಿ ಬೇಕು.

ಮನೆಯ ಅಟ್ಟದಲ್ಲಿ ಹಳೇ ಬಂದೂಕು ಸಿಕ್ಕರೆ ಉಜ್ಜಿ ಹೊಳಪು ಕೊಡಬೇಡಿ, ಸ್ಕ್ರೂ ಬದಲಿಸಬೇಡಿ. ಅದರ ಚರಿತ್ರೆ ಅಳಿಸಿಹೋಗುವುದು ಅಲ್ಲೇ. ಒಳಗೆ ಮದ್ದು ಉಳಿದಿರಲೂಬಹುದು. ಪೊಲೀಸರಿಗೆ ತಿಳಿಸಿ.

ಫಾರ್ವರ್ಡ್ ಮಾಡುವ ಮುನ್ನ ಫೋಟೊವನ್ನು ದೊಡ್ಡದು ಮಾಡಿ ಸ್ಕ್ರೂ ನೋಡಿ. ಕಿತ್ತೂರಿನ ಗೆಲುವು ದಾಖಲಾದ ಚರಿತ್ರೆ. ಅದಕ್ಕೆ ಸುಳ್ಳು ಬಂದೂಕಿನ ಸಾಕ್ಷಿ ಸೇರಿಸಿದರೆ ನಿಜವನ್ನೂ ಅನುಮಾನಿಸುವವರಿಗೆ ನಾವೇ ದಾರಿ ಮಾಡಿಕೊಟ್ಟಂತೆ.