ಸಣ್ಣ ಮೋಟಾರು ಸೈಕಲ್ಲಿಗೆ ದೊಡ್ಡ ಪಿಸ್ಟನ್ ಹಾಕಿಸಬೇಕೆ?

ಒಂದು ಸಂಜೆ ನಾವು ಕಾಲೇಜಿನ ಪ್ರಯೋಗಶಾಲೆಯಲ್ಲಿ ಉಪಕರಣಗಳನ್ನು ಬೀರುವಿಗೆ ಸೇರಿಸುತ್ತಿದ್ದಾಗ ಎರಡನೆಯ ವರ್ಷದ ವಿದ್ಯಾರ್ಥಿಯೊಬ್ಬನು ಬಂದು, "ಸಾರ್, ನನ್ನ ಗಾಡಿಗೆ ದೊಡ್ಡ ಬೋರಿನ ಕಿಟ್ ಹಾಕಿಸಬೇಕೆಂದಿದ್ದೇನೆ. ಹಾಕಿಸಬಹುದೆ?" ಎಂದು ಕೇಳಿದನು. ಅವನ ಗಾಡಿ ಹಳೆಯದೊಂದು ಸ್ಪ್ಲೆಂಡರ್. ಮುಂಜಾನೆ ಅವನ ತಂದೆ ಅದರ ಮೇಲೆ ಹಾಲಿನ ಕ್ಯಾನುಗಳನ್ನು ಡೈರಿಗೆ ಒಯ್ಯುತ್ತಾರೆ. ಅನಂತರ ಅದರಲ್ಲಿಯೇ ಇವನು ಕಾಲೇಜಿಗೆ ಬರುತ್ತಾನೆ. ಕಿಟ್ಟಿಗೆ ಬೇಕಾದ ಹಣವನ್ನು ವಿದ್ಯಾರ್ಥಿವೇತನದಲ್ಲಿ ಉಳಿಸಿದ್ದನು. ಇಂತಹ ಪ್ರಶ್ನೆಯನ್ನು ಹುಡುಗಾಟವೆಂದು ತಳ್ಳಿಹಾಕುವುದು ಸುಲಭ. ಆದರೆ ಇದು ಅಪ್ಪಟ ಭೌತವಿಜ್ಞಾನದ ಪ್ರಶ್ನೆ. ಉತ್ತರವೂ ಗದರಿಕೆಯಿಂದಲ್ಲ, ಲೆಕ್ಕದಿಂದ ಬರಬೇಕು.

ಸ್ಪ್ಲೆಂಡರಿನ ಸಿಲಿಂಡರಿನ ವ್ಯಾಸ 50 ಮಿಲಿಮೀಟರು. ಪಿಸ್ಟನ್ ಮೇಲಿನಿಂದ ಕೆಳಕ್ಕೆ ಓಡುವ ದೂರ 49.5 ಮಿಲಿಮೀಟರು. ಇವೆರಡರಿಂದ ಗಾತ್ರವನ್ನು ಕಟ್ಟಿದರೆ 97.2 ಘನ ಸೆಂಟಿಮೀಟರು ದೊರೆಯುತ್ತದೆ. ಈಗ ಓಟದ ದೂರವನ್ನು ಹಾಗೆಯೇ ಇಟ್ಟು 56 ಮಿಲಿಮೀಟರಿನ ಪಿಸ್ಟನ್ನನ್ನು ಹಾಕಿದೆವೆನ್ನೋಣ. ಗಾತ್ರವು ವ್ಯಾಸದ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದರಿಂದ ಅದು ಸುಮಾರು 122 ಘನ ಸೆಂಟಿಮೀಟರಿಗೆ ಏರುತ್ತದೆ. ವ್ಯಾಸ ಹೆಚ್ಚಿದ್ದು ಶೇಕಡ 12. ಗಾತ್ರ ಹೆಚ್ಚಿದ್ದು ಶೇಕಡ 25. ಹುಡುಗರನ್ನು ಮರುಳು ಮಾಡುವುದು ಈ ವರ್ಗದ ಮಹಿಮೆಯೇ.

ಸವೆದ ಸಿಲಿಂಡರನ್ನು ಕೊರೆಸಿ 0.25 ಅಥವಾ 0.50 ಮಿಲಿಮೀಟರು ದಪ್ಪನೆಯ ಪಿಸ್ಟನ್ ಹಾಕಿಸುವುದು ದುರಸ್ತಿ. ಅದನ್ನು ನಾವು ಇಲ್ಲಿ ಚರ್ಚಿಸುತ್ತಿಲ್ಲ. 6 ಮಿಲಿಮೀಟರು ಎಂದರೆ ಗೋಡೆಯ ಪ್ರತಿಯೊಂದು ಬದಿಯಿಂದ 3 ಮಿಲಿಮೀಟರು. ಹಳೆಯ ಸಿಲಿಂಡರಿನ ಗೋಡೆಯಲ್ಲಿ ಅಷ್ಟು ಲೋಹವನ್ನು ಕಳೆದುಕೊಳ್ಳುವ ಶಕ್ತಿ ಇರುವುದಿಲ್ಲ. ಆದುದರಿಂದ ಸಿಲಿಂಡರನ್ನೇ ಬದಲಿಸಿ ಬೇರೊಂದನ್ನು ಕೂರಿಸುತ್ತಾರೆ.

ಇದರಿಂದ ಲಾಭವೇ ಇಲ್ಲವೆಂದು ನಾವು ಹೇಳುವುದಿಲ್ಲ. ಕಡಿಮೆ ವೇಗದಲ್ಲಿ ಚಕ್ರವನ್ನು ತಿರುಗಿಸುವ ಬಲವು ಹೆಚ್ಚು ಕಡಿಮೆ ಗಾತ್ರಕ್ಕೆ ತಕ್ಕಂತೆ ಏರುತ್ತದೆ. ಹೊರೆ ಹೇರಿಕೊಂಡು ಘಾಟಿ ಹತ್ತುವವನಿಗೆ ಈ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ. ಆದರೆ ವಿದ್ಯಾರ್ಥಿಗಳು ಬಯಸುವುದು ಘಾಟಿಯ ಬಲವನ್ನಲ್ಲ, ಹೆದ್ದಾರಿಯ ವೇಗವನ್ನು. ಅಲ್ಲಿಯೇ ಲೆಕ್ಕವು ಕೈಕೊಡುತ್ತದೆ.

ಹೆಚ್ಚಿನ ವೇಗದಲ್ಲಿ ಎಂಜಿನ್ನಿನ ಮುಖ್ಯ ಶತ್ರು ಗಾಳಿಯ ಪ್ರತಿರೋಧ. ಅದನ್ನು ಗೆಲ್ಲಲು ಬೇಕಾದ ಸಾಮರ್ಥ್ಯವು ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ಎಂಜಿನ್ನಿನ ಸಾಮರ್ಥ್ಯವು ಪೂರ್ತಿ ಶೇಕಡ 25ರಷ್ಟು ಹೆಚ್ಚಿತೆಂದೇ ಒಪ್ಪಿಕೊಳ್ಳೋಣ, 1.25ರ ಘನಮೂಲವು ಕೇವಲ 1.08. ಗಂಟೆಗೆ 80 ಕಿಲೋಮೀಟರು ಓಡುತ್ತಿದ್ದ ಗಾಡಿ 86 ಕಿಲೋಮೀಟರು ಓಡೀತು, ಅಷ್ಟೆ. ವಾಸ್ತವದಲ್ಲಿ ಅಷ್ಟೂ ದೊರೆಯಲಾರದು. ಗಾಳಿಯನ್ನು ಒಳಕ್ಕೆ ಬಿಡುವ ಕವಾಟಗಳು ಹಳೆಯವೇ ಆದುದರಿಂದ, ಎಂಜಿನ್ ಜೋರಾಗಿ ತಿರುಗುವಾಗ ದೊಡ್ಡ ಸಿಲಿಂಡರು ಪೂರ್ತಿ ತುಂಬುವುದೇ ಇಲ್ಲ. ಇತ್ತ ಬ್ರೇಕುಗಳೂ ಹಳೆಯವೇ. ಚಲನಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾದುದರಿಂದ, ವೇಗ ಶೇಕಡ 8 ಹೆಚ್ಚಿದರೆ ಬ್ರೇಕು ನುಂಗಬೇಕಾದ ಶಕ್ತಿಯೂ ಗಾಡಿ ನಿಲ್ಲುವ ದೂರವೂ ಸುಮಾರು ಶೇಕಡ 16 ಹೆಚ್ಚುತ್ತವೆ.

ಇನ್ನು ಎಂಜಿನ್ನಿನ ಒಳಗೆ ನೋಡೋಣ. ಉರಿಯುವ ಅನಿಲದ ಒತ್ತಡವು ಒಂದು ಕ್ಷಣ ಚದರ ಸೆಂಟಿಮೀಟರಿಗೆ 50 ಕಿಲೋಗ್ರಾಮಿನಷ್ಟಿತ್ತೆಂದು ಹಿಡಿದರೆ, ಹಳೆಯ ಪಿಸ್ಟನ್ನಿನ ಮೇಲೆ ಬೀಳುವ ಭಾರ ಸುಮಾರು 980 ಕಿಲೋಗ್ರಾಮು. ಹೊಸದರ ಮೇಲೆ 1,230. ಆ ಹೆಚ್ಚಿನ ಭಾರವನ್ನು ಹೊರುವವು ಹಳೆಯ ಕನೆಕ್ಟಿಂಗ್ ರಾಡು, ಹಳೆಯ ಬೇರಿಂಗು, ಹಳೆಯ ಕ್ಲಚ್ಚು. ಸಂಪೀಡನದ ಪ್ರಮಾಣವನ್ನೂ ಮರೆಯಬಾರದು. ಅದು ಮೊದಲು 9ಕ್ಕೆ 1 ಇದ್ದರೆ, ಪಿಸ್ಟನ್ನಿನ ಮೇಲೆ ಉಳಿಯುವ ಜಾಗ ಸುಮಾರು 12 ಘನ ಸೆಂಟಿಮೀಟರು. ಹೆಡ್ಡಿನ ಕುಳಿಯನ್ನು ತಿದ್ದದೆ ಗಾತ್ರವನ್ನು ಮಾತ್ರ ಬೆಳೆಸಿದರೆ ಆ ಪ್ರಮಾಣ 11ಕ್ಕೇರುತ್ತದೆ. ಆಗ ಸಾಮಾನ್ಯ ಪೆಟ್ರೋಲು ಹೊತ್ತಿಗೆ ಮುಂಚೆ ಸಿಡಿದು, ಎಂಜಿನ್ನಿನಲ್ಲಿ ಲೋಹ ಬಡಿದಂತಹ ಸದ್ದು ಕೇಳಿಸುವ ಸಂಭವವುಂಟು. ಸುಡುವ ಇಂಧನ ಹೆಚ್ಚಿದಂತೆ ಹೊರಹಾಕಬೇಕಾದ ಉಷ್ಣವೂ ಹೆಚ್ಚುತ್ತದೆ. ಗಾಳಿಗೆ ಒಡ್ಡಿದ ರೆಕ್ಕೆಗಳು ಮಾತ್ರ ಆ ಪ್ರಮಾಣದಲ್ಲಿ ಬೆಳೆದಿರುವುದಿಲ್ಲ.

ಈ ಉಷ್ಣದ ಪಾಠವನ್ನು ನಾವು ಪುಸ್ತಕದಿಂದ ಮಾತ್ರ ಕಲಿತವರಲ್ಲ. ವಿದ್ಯಾರ್ಥಿದೆಸೆಯಲ್ಲಿ ಗೆಳೆಯರ ಮಾತು ಕೇಳಿ ನಮ್ಮ ಗಾಡಿಗೂ ಇಂತಹದೇ ಶಸ್ತ್ರಚಿಕಿತ್ಸೆ ಮಾಡಿಸಿದ್ದೆವು. ಎರಡು ವಾರ ಹೆಮ್ಮೆಯಿಂದ ತಿರುಗಿದ ಮೇಲೆ ಚಾರ್ಮಾಡಿ ಘಾಟಿ ಏರುತ್ತಿರುವಾಗ ಎಂಜಿನ್ ಸೀಜ್ ಆಗಿ ಹಿಂದಿನ ಚಕ್ರ ನಿಂತುಬಿಟ್ಟಿತು. ಅಲ್ಯೂಮಿನಿಯಂ ಬೀಡುಕಬ್ಬಿಣಕ್ಕಿಂತ ಸುಮಾರು ಎರಡರಷ್ಟು ಹಿಗ್ಗುತ್ತದೆ. ಪಿಸ್ಟನ್ನಿಗೂ ಸಿಲಿಂಡರಿಗೂ ನಡುವೆ ಇರುವ ಎಡೆಯಾದರೋ ಮಿಲಿಮೀಟರಿನ ನೂರರಲ್ಲಿ ಕೆಲವೇ ಪಾಲು. ಕಾದ ಪಿಸ್ಟನ್ ಗೋಡೆಯನ್ನು ಕಚ್ಚಿಹಿಡಿದಿತ್ತು. ಕ್ಲಚ್ಚಿನ ಹಿಡಿಯನ್ನು ಕೂಡಲೇ ಒತ್ತಿದ್ದರಿಂದ ಬೀಳದೆ ಉಳಿದೆವು. ಹಿಂದೆಯೇ ಬರುತ್ತಿದ್ದ ಲಾರಿಯ ಚಾಲಕನು ಎಚ್ಚರವಾಗಿರದಿದ್ದರೆ ಈ ಲೇಖನವನ್ನು ಬರೆಯಲು ನಾವು ಇರುತ್ತಿರಲಿಲ್ಲ.

ಹಾಗಾದರೆ ಕಾರ್ಖಾನೆಯವರು ಗಾತ್ರವನ್ನು ಹೆಚ್ಚಿಸುವುದಿಲ್ಲವೆ ಎಂದು ಕೇಳಬಹುದು. ಹೆಚ್ಚಿಸುತ್ತಾರೆ, ಆದರೆ ಹೇಗೆ? 2005ರಲ್ಲಿ ಸೂಪರ್ ಸ್ಪ್ಲೆಂಡರ್ ಎಂಬ ಗಾಡಿ ಬಂದಿತು. ಅದರ ಗಾತ್ರ 124.7 ಘನ ಸೆಂಟಿಮೀಟರು. ಅಲ್ಲಿ ಸಿಲಿಂಡರಿನ ವ್ಯಾಸವು 52.4 ಮಿಲಿಮೀಟರಿಗೆ ಮಾತ್ರ ಬೆಳೆಯಿತು. ಪಿಸ್ಟನ್ನಿನ ಓಟವಾದರೋ 57.8 ಮಿಲಿಮೀಟರಿಗೆ ಏರಿತು. ಓಟ ಬದಲಾಯಿತೆಂದರೆ ಕ್ರ್ಯಾಂಕೇ ಬೇರೆ. ಶೇಕಡ 28ರಷ್ಟು ಗಾತ್ರವನ್ನು ಹೆಚ್ಚಿಸಲು ಅನುಭವಸ್ಥ ಎಂಜಿನಿಯರುಗಳು ಬೇರೊಂದು ಎಂಜಿನ್ನನ್ನೇ ರೂಪಿಸಬೇಕಾಯಿತು. ಅದನ್ನು ಒಂದು ಮಧ್ಯಾಹ್ನದಲ್ಲಿ ಗ್ಯಾರೇಜಿನಲ್ಲಿ ಮುಗಿಸುತ್ತೇವೆಂಬ ಮಾತನ್ನು ಸ್ವಲ್ಪ ಸಂದೇಹದಿಂದಲೇ ಕೇಳಬೇಕು.

ಕಾನೂನೂ ಇದೆ. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಪ್ರಕರಣದಂತೆ, ತಯಾರಕರು ನಮೂದಿಸಿ ನೋಂದಣಿ ಪತ್ರದಲ್ಲಿ ದಾಖಲಾದ ವಿವರಗಳಿಗೆ ವ್ಯತ್ಯಾಸ ಬರುವಂತೆ ಮಾಲೀಕನು ವಾಹನವನ್ನು ಮಾರ್ಪಡಿಸಕೂಡದು. ಎಂಜಿನ್ನಿನ ಗಾತ್ರವು ಆ ವಿವರಗಳಲ್ಲಿ ಒಂದು. 2019ರ ತಿದ್ದುಪಡಿಯು ಇಂತಹ ಪ್ರತಿಯೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಸೆರೆ, ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಟ್ಟಿದೆ. ಅಪಘಾತವಾದಾಗ ವಿಮೆಯವರು ಆಕ್ಷೇಪವೆತ್ತಲೂ ಇದು ಕಾರಣವಾಗುತ್ತದೆ. ಆಗ ನಷ್ಟವನ್ನು ಹೊರಬೇಕಾದವನು ವಿದ್ಯಾರ್ಥಿಯಲ್ಲ. ನೋಂದಣಿ ಪತ್ರದಲ್ಲಿ ಹೆಸರಿರುವ ತಂದೆ.

ಆದುದರಿಂದ ನಮ್ಮ ಅಭಿಪ್ರಾಯ ಸ್ಪಷ್ಟ. ಪಂದ್ಯದ ಪಥದಲ್ಲಿ ಮಾತ್ರ ಓಡುವ, ಆಗಾಗ್ಗೆ ಬಿಚ್ಚಿ ನೋಡುವ, ಬ್ರೇಕು ಮೊದಲಾದುವನ್ನೂ ಜೊತೆಯಲ್ಲಿಯೇ ಬದಲಿಸಿದ ಗಾಡಿಗೆ ಇದು ಸಲ್ಲಬಹುದು. ಮನೆಯ ಅನ್ನ ಸಂಪಾದಿಸುವ ಗಾಡಿಗೆ ಇದು ಸಲ್ಲದು. ಶಕ್ತಿ ಸಾಲದೆಂದು ತೋರಿದರೆ ಮೊದಲು ಕವಾಟದ ಎಡೆ, ಗಾಳಿಯ ಶೋಧಕ, ಕಾರ್ಬುರೇಟರು, ಚೈನು, ಟೈರಿನ ಗಾಳಿ ಇವನ್ನು ಸರಿಮಾಡಿಸಬೇಕು. ಹಳೆಯ ಗಾಡಿ ಕಳೆದುಕೊಂಡ ಶಕ್ತಿ ಎಷ್ಟೋ ಸಲ ಅಲ್ಲಿಯೇ ಅಡಗಿರುತ್ತದೆ. ಅಷ್ಟಕ್ಕೂ ತೃಪ್ತಿಯಾಗದವನು ಹಣ ಕೂಡಿಸಿ, ಮುಂದೆ ದೊಡ್ಡ ಗಾಡಿಯನ್ನೇ ಕೊಳ್ಳುವುದು ಮೇಲು.

ನಮ್ಮ ವಿದ್ಯಾರ್ಥಿಗೆ ನಾವು "ಬೇಡ" ಎಂದು ಹೇಳಲಿಲ್ಲ. ಒಂದು ಹಾಳೆಯನ್ನು ಕೊಟ್ಟು ಈ ಲೆಕ್ಕಗಳನ್ನೆಲ್ಲ ಅವನಿಂದಲೇ ಮಾಡಿಸಿದೆವು. 1.25ರ ಘನಮೂಲಕ್ಕೆ ಬಂದಾಗ ಅವನು ಪೆನ್ನನ್ನು ಕೆಳಗಿಟ್ಟು, "ಆರೇ ಕಿಲೋಮೀಟರೆ, ಸಾರ್?" ಎಂದನು. ಮರುವಾರ ಅವನು ಗಾಡಿಗೆ ಹೊಸ ಬ್ರೇಕ್ ಶೂಗಳನ್ನೂ ಎರಡು ಟೈರುಗಳನ್ನೂ ಹಾಕಿಸಿಕೊಂಡು ಬಂದಿದ್ದನು. ವಾಚಕರಲ್ಲಿ ಇಂತಹ ಆಸೆಯುಳ್ಳವರು ಯಾರಾದರೂ ಇದ್ದರೆ, ಗ್ಯಾರೇಜಿಗೆ ಹೋಗುವ ಮುನ್ನ ಅವರೂ ಒಂದು ಹಾಳೆಯನ್ನು ತೆಗೆದುಕೊಂಡು ಕುಳಿತುಕೊಳ್ಳಲಿ.