ಎಕೋ ಒಬ್ಬರಿಗಲ್ಲ, ಮನೆಮಂದಿಗೆಲ್ಲ

ಎಂಬತ್ತು ದಾಟಿದವರು ಕೂತಲ್ಲೇ ಕಣ್ಣು ಮುಚ್ಚಿದರೆ ‘ಪುಣ್ಯವಂತರು’ ಅಂತೀವಿ. ಮೂವತ್ತರ ಹುಡುಗ ಆಡ್ತಾ ಆಡ್ತಾ ಕುಸಿದುಬಿದ್ದರೆ ‘ಹಾರ್ಟ್ ಅಟ್ಯಾಕಂತೆ’ ಅಂದು ಮಾತು ಮುಗಿಸ್ತೀವಿ. ಆದರೆ ಎಳೇ ವಯಸ್ಸಿನ ಇಂಥ ಸಾವುಗಳಿಗೆ ಬೇರೊಂದು ಕಾರಣವೂ ಇರಬಹುದು. ಅದು ವಂಶದಲ್ಲಿ ಇಳಿದುಬರುವಂಥದ್ದು.

ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿ ಅಂತ ಉದ್ದದ ಹೆಸರು, ಡಾಕ್ಟರುಗಳ ಬಾಯಲ್ಲಿ ಎಚ್‌ಸಿಎಂ. ಹಾರ್ಟ್ ಅಟ್ಯಾಕ್‌ನಲ್ಲಿ ರಕ್ತನಾಳ ಕಟ್ಟಿಕೊಳ್ಳುತ್ತದೆ. ಇಲ್ಲಿ ಹೃದಯದ ಸ್ನಾಯುವೇ ದಪ್ಪಗಾಗಿ ಬಿಗಿಯುತ್ತದೆ. ಬಿಪಿಯಂಥ ಬೇರೆ ಕಾರಣವಿಲ್ಲದೆ ದೊಡ್ಡವರ ಹೃದಯದ ಎಡ ಕೆಳಕೋಣೆಯ ಗೋಡೆ 15 ಮಿಲಿಮೀಟರ್ ಅಥವಾ ಹೆಚ್ಚಿದ್ದರೆ ವೈದ್ಯರು ಇದನ್ನು ಹೆಸರಿಸುತ್ತಾರೆ. ಸುಮಾರು 500 ಜನರಲ್ಲಿ ಒಬ್ಬರಿಗೆ ಇರುತ್ತದೆಂದು ಅಂದಾಜು. 2003ರಲ್ಲಿ ಮೈದಾನದಲ್ಲೇ ಕುಸಿದು ತೀರಿಕೊಂಡ ಕ್ಯಾಮರೂನ್ ಫುಟ್‌ಬಾಲ್ ಆಟಗಾರ ಮಾರ್ಕ್ ವಿವಿಯನ್ ಫೊಯೆಗೆ ಇದ್ದದ್ದೂ ಇದೇ. ಆಗ ಅವರಿಗೆ 28.

ತಂದೆ ಅಥವಾ ತಾಯಿ, ಯಾರೊಬ್ಬರಲ್ಲಿ ಈ ದೋಷದ ಜೀನ್ ಇದ್ದರೂ ಪ್ರತಿ ಮಗುವಿಗೆ ಬರುವ ಸಾಧ್ಯತೆ ಸಾಮಾನ್ಯವಾಗಿ ಅರ್ಧಕ್ಕರ್ಧ. ಗಂಡು, ಹೆಣ್ಣು ಅನ್ನೋ ಭೇದವಿಲ್ಲ.

ನಮ್ಮ ತಮ್ಮನಿಗೆ ಇದು ಗೊತ್ತಾದ ದಿನವೇ ಡಾಕ್ಟರು, “ಒಡಹುಟ್ಟಿದವರು, ಮಕ್ಕಳು ಎಲ್ಲರೂ ಇಸಿಜಿ, ಎಕೋ ಮಾಡಿಸಿ” ಅಂದರು. ತಮ್ಮನ ಹೆಂಡತಿ ನನ್ನನ್ನು ಪಕ್ಕಕ್ಕೆ ಕರೆದು, “ಅಕ್ಕಾ, ಮಗಳಿಗೆ ಗಂಡು ನೋಡ್ತಾ ಇದ್ದೀವಿ. ನಾಲ್ಕು ಜನಕ್ಕೆ ಗೊತ್ತಾದ್ರೆ?” ಅಂದಳು. ಅಮ್ಮನ ಕಿವಿಗೆ ಬಿತ್ತು. “ಮದುವೆ ಆಮೇಲೆ ಕಣೇ. ಹುಡುಗಿ ಇರ್ಬೇಕಲ್ಲ ಮೊದ್ಲು” ಅಂದರು.

ಮಗಳ ಎಕೋ ಸರಿ ಬಂತು. ಕಬಡ್ಡಿ ಆಡುವ ಮಗನ ಗೋಡೆ ಮಾತ್ರ 17 ಮಿಲಿಮೀಟರ್! ಆಡುವಾಗ ಕಣ್ಣು ಕತ್ತಲೆ ಬರೋದನ್ನು ಅವನು ಯಾರಿಗೂ ಹೇಳಿರಲಿಲ್ಲ.

ಹಾಗಂತ ಹುಡುಗನ ಬದುಕೇನೂ ನಿಂತಿಲ್ಲ. ಎದೆಬಡಿತ ನಿಧಾನಿಸುವ ಮಾತ್ರೆ ತಗೋತಾನೆ. ಅದನ್ನು ತಾನಾಗೇ ನಿಲ್ಲಿಸೋ ಹಾಗಿಲ್ಲ. ಪಂದ್ಯ ಬಿಟ್ಟಿದ್ದಾನೆ, ವಾಕಿಂಗ್ ಬಿಟ್ಟಿಲ್ಲ. ಬೇಸಿಗೆಯಲ್ಲಿ ನೀರು ಕಮ್ಮಿಯಾಗದಂತೆ ನೋಡಿಕೊಳ್ಳುತ್ತಾನೆ. ಅಪಾಯ ಹೆಚ್ಚಿರುವವರಿಗೆ, ಬಡಿತ ಹದ ತಪ್ಪಿದಾಗ ಶಾಕ್ ಕೊಟ್ಟು ಸರಿಪಡಿಸುವ ಐಸಿಡಿ ಎಂಬ ಪುಟ್ಟ ಯಂತ್ರವನ್ನು ಎದೆಯಲ್ಲಿ ಇಡುತ್ತಾರೆ. ದಪ್ಪಗಾದ ಸ್ನಾಯು ರಕ್ತದ ದಾರಿಗೆ ಅಡ್ಡವಾದರೆ ಅದನ್ನು ಕೆತ್ತಿ ತೆಗೆಯುವ ಆಪರೇಷನ್ನೂ ಉಂಟು. ಸರಿಯಾಗಿ ನೋಡಿಕೊಂಡರೆ ಹೆಚ್ಚಿನವರು ಎಲ್ಲರಂತೆ ಬಾಳುತ್ತಾರೆ.

ಒಂದು ಮಾತು ನೆನಪಿರಲಿ: ಒಮ್ಮೆ ಎಕೋ ಸರಿ ಬಂತು ಅಂದರೆ ಜೀವಮಾನಕ್ಕೆಲ್ಲ ಸರಿ ಅಂತಲ್ಲ. ಸ್ನಾಯು ಮುಂದೆಯೂ ದಪ್ಪಗಾಗಬಹುದು. ಬೆಳೆಯುವ ಮಕ್ಕಳಿಗೆ ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ, ದೊಡ್ಡವರಿಗೆ ಮೂರರಿಂದ ಐದು ವರ್ಷಕ್ಕೊಮ್ಮೆ ನೋಡಿಸಬೇಕು. ಮನೆಯವರ ಜೀನ್ ದೋಷ ಯಾವುದೆಂದು ಗೊತ್ತಾಗಿದ್ದು, ಅದು ನಿಮಗೆ ಇಲ್ಲವೆಂದು ರಕ್ತಪರೀಕ್ಷೆ ಹೇಳಿದರೆ ಮಾತ್ರ ಈ ಓಡಾಟ ತಪ್ಪೀತು.

ಈ ವಾರ ಮನೆಯ ಹಿರಿಯರ ಹತ್ತಿರ ಕೂತು ಕೇಳಿ. ನಮ್ಮಲ್ಲಿ ನಲವತ್ತರೊಳಗೆ ಇದ್ದಕ್ಕಿದ್ದಂತೆ ಹೋದವರು ಯಾರು? ಓಡುವಾಗ, ಮೆಟ್ಟಿಲು ಹತ್ತುವಾಗ ಮೂರ್ಛೆ ಹೋದವರಿದ್ದಾರಾ? ಉತ್ತರವನ್ನು ಚೀಟಿಯಲ್ಲಿ ಬರೆದು ಡಾಕ್ಟರಿಗೆ ತೋರಿಸಿ. ಜಾತಕ ಆಮೇಲೆ ನೋಡಿಸಿದರಾಯಿತು.